ಅಡುಗೆಮನೆಯ ಸ್ಟೀರಿಂಗ್

ಇದು ಹಳೇ ಕಾಲದ ಕಥೆಯಲ್ಲ. ಆ ಆಶ್ರಮದಲ್ಲಿ ಕರೆಂಟಿತ್ತು, ಒಂದು ಜೀಪಿತ್ತು, ಹಿಂದೆ ಒಂದು ಹೊಳೆ ಇತ್ತು. ಇಷ್ಟು ಗೊತ್ತಿದ್ದರೆ ಸಾಕು.

ಆಶ್ರಮ ಬೆಟ್ಟದ ಮೇಲೆ, ಪಟ್ಟಣ ಕೆಳಗೆ. ನಡುವೆ ಹದಿನಾಲ್ಕು ತಿರುವಿನ ಘಾಟಿ ರಸ್ತೆ.

ಗುರುಗಳ ಹೆಸರು ಮರುಳಯ್ಯ. ಕಾವಿ ಉಡುವ ಮೊದಲು ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಹಾಗಾಗಿ ಅವರ ಪ್ರವಚನದಲ್ಲಿ ಮಾಯೆಗಿಂತ ಗೇರು, ಬ್ರೇಕುಗಳ ಮಾತೇ ಜಾಸ್ತಿ ಬರುತ್ತಿತ್ತು.

ಒಂದು ಬೆಳಿಗ್ಗೆ ಹೊಳೆ ಮೆಟ್ಟಿಲಲ್ಲಿ ಮುಖ ತೊಳೆದು ಟವೆಲ್ಲಿಗೆ ಕೈ ಚಾಚಿದರು. ಟವೆಲ್ ಇದ್ದದ್ದು ಒಂದು ಮೊಳ ಆಚೆ. ಕೈ ಕಲ್ಲನ್ನು ತಡವಿತು.

ಶಿಷ್ಯೆ ಶಿವಲೀಲಾ ಅದನ್ನು ನೋಡಿಬಿಟ್ಟಳು.

"ಬುದ್ಧಿ, ಕಣ್ಣು..."

"ಬಲಗಣ್ಣು ಪೂರ್ತಿ ಹೋಗಿದೆ ಕೂಸೇ. ಎಡಗಣ್ಣು ಹೋಗೋ ದಾರೀಲಿದೆ. ಇನ್ಮೇಲೆ ಗಾಡಿ ಮುಟ್ಟಲೇಬೇಡಿ ಅಂದ್ರು ಡಾಕ್ಟ್ರು."

ಅವಳು ದಿನ ಲೆಕ್ಕ ಹಾಕಿದಳು. ಮೊನ್ನೆ ಗುರುವಾರ ತಾನೇ ಇವರು ಕರಿಬಸಯ್ಯನನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದರು!

ಕರಿಬಸಯ್ಯ ಆಶ್ರಮದ ಅಡುಗೆಯವನು. ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಪಟ್ಟಣದಲ್ಲಿ ಡಯಾಲಿಸಿಸ್ ಆಗಲೇಬೇಕು, ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು. ಬೆಟ್ಟಕ್ಕೆ ಬರುವ ಒಂದೇ ಒಂದು ಬಸ್ಸು ಬರುವುದು ಮಧ್ಯಾಹ್ನ.

"ಹಾಗಾದ್ರೆ ಜೀಪು ಯಾರು ಓಡಿಸ್ತಾರೆ ಬುದ್ಧಿ?"

"ಕೆಳಗಿನ ಊರಿನ ಡ್ರೈವರ್ ಒಬ್ಬ ಹದಿನೈದು ದಿನಕ್ಕೆ ಒಪ್ಪಿದ್ದಾನೆ. ಆಮೇಲೆ ಅವನಿಗೆ ಬೇರೆ ಕಡೆ ಕೆಲಸ."

"ಆಮೇಲೆ?"

"ನೀನು."

"ನನ್ನ ಕೈಲಾಗಲ್ಲ ಬುದ್ಧಿ."

"ಸರಿ ಬಿಡು. ನಾನೇ ಓಡಿಸ್ತೀನಿ," ಎಂದು ಗುರುಗಳು ಮತ್ತೆ ಟವೆಲ್ ತಡಕಾಡತೊಡಗಿದರು.

ಅವಳಿಗೇನು ಓಡಿಸಲು ಬರುತ್ತಿರಲಿಲ್ಲವೇ? ಚೆನ್ನಾಗಿಯೇ ಬರುತ್ತಿತ್ತು. ಹೋದ ವರ್ಷ ಅವಳು ಓಡಿಸುತ್ತಿದ್ದಾಗ ಒಂಬತ್ತನೇ ತಿರುವಿನಲ್ಲಿ ರಸ್ತೆಗೆ ಜಲ್ಲಿ ಚೆಲ್ಲಿತ್ತು. ಜೀಪು ಜಾರಿ ತಡೆಗೋಡೆ ಮುರಿದು, ಮುಂದಿನ ಒಂದು ಚಕ್ರ ಪ್ರಪಾತದ ಮೇಲೆ ಸುಮ್ಮನೆ ಸುತ್ತುತ್ತಾ ನಿಂತುಬಿಟ್ಟಿತು. ಒಳಗೆ ಕರಿಬಸಯ್ಯನಿದ್ದ. ಅವನದು ಒಂದು ಹಲ್ಲು ಹೋಯಿತು, ಪ್ರಾಣ ಉಳಿಯಿತು.

ಅವತ್ತಿನಿಂದ ಸ್ಟೀರಿಂಗ್ ಕಂಡರೇ ಅವಳ ಕೈಕಾಲು ತಣ್ಣಗಾಗುತ್ತಿದ್ದವು.

"ಯಾರ ಪ್ರಾಣಕ್ಕೂ ಕುತ್ತು ಬರದ ಜಾಗದಲ್ಲಿ ಮೊದಲು ಕೂತು ನೋಡ್ತೀನಿ ಬುದ್ಧಿ," ಎಂದಳು.

"ಅಂಥ ಜಾಗ ಎಲ್ಲಿದೆ?"

"ಕಂಪ್ಯೂಟರ್ ಒಳಗೆ."

ಅವಳು ಹೇಳಿದ್ದು ತಮಾಷೆಗಲ್ಲ. ಪಟ್ಟಣದ ಭಕ್ತರೊಬ್ಬರ ಮಗ ಕಾರ್ ರೇಸಿನ ವಿಡಿಯೋ ಗೇಮ್ ಆಡುತ್ತಿದ್ದ. ಈಗ ಹುಚ್ಚು ಬಿಟ್ಟು ಎಲ್ಲವನ್ನೂ ಅಟ್ಟಕ್ಕೆ ಹಾಕಿದ್ದ. ಕೇಳಿದ್ದೇ ತಡ, ಕಂಪ್ಯೂಟರು, ಪೆಡಲು, ಸ್ಟೀರಿಂಗ್ ಎಲ್ಲಾ ಮಧ್ಯಾಹ್ನದ ಬಸ್ಸಿನಲ್ಲಿ ಬಂದವು.

ಸ್ಟೀರಿಂಗಿನ ಹೊಟ್ಟೆಯಲ್ಲಿ ಮೋಟಾರಿತ್ತು. ಪರದೆಯ ಮೇಲಿನ ಕಾರು ಕಲ್ಲು ಹತ್ತಿದರೆ ಇದು ಕೈಯಲ್ಲಿ ಅದುರುತ್ತದೆ, ತಿರುವಿನಲ್ಲಿ ಎಳೆಯುತ್ತದೆ. ಅದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಅನ್ನುತ್ತಾರೆಂದು ಜೊತೆಗಿದ್ದ ಪುಸ್ತಕದಲ್ಲಿ ಬರೆದಿತ್ತು.

ಸ್ಟೀರಿಂಗನ್ನು ಯಾವುದಕ್ಕಾದರೂ ಬಿಗಿಯಬೇಕಲ್ಲ? ಆಶ್ರಮದವರ ಕೈಗೆ ಸಿಕ್ಕಿದ್ದು ಪ್ರವಚನದ ವ್ಯಾಸಪೀಠ.

"ಬುದ್ಧಿ, ಗ್ರಂಥ ಇಡೋ ಪೀಠ..."

"ಗ್ರಂಥ ಎತ್ತಿಟ್ಟು ಬಿಗಿ."

ಬಿಗಿದಳು. ಸ್ವಿಚ್ ಹಾಕಿದಳು.

ಮುಟ್ಟಿದವರಿಲ್ಲ, ಸ್ಟೀರಿಂಗ್ ತಾನೇ ಗರ್ರನೆ ಎಡಕ್ಕೆ ತಿರುಗಿತು.

"ಅಯ್ಯೋ ಶಿವನೇ!" ಎಂದು ಶಿವಲೀಲಾ ಹಾರಿ ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಲ್ಲಿಸಿದಳು. ಅದು ಬಿಡಿಸಿಕೊಳ್ಳಲು ಒದ್ದಾಡಿತು, ಆಮೇಲೆ ಸುಮ್ಮನಾಯಿತು.

ಆಟ ಶುರುವಾಯಿತು. ಅವಳು ಸ್ಟೀರಿಂಗನ್ನು ನೆಟ್ಟಗೆ ಹಿಡಿದರೂ ಕಾರು ಬಲಕ್ಕೇ ಹೋಯಿತು. ನಾಲ್ಕು ಸಲ ಹೊರಟಳು, ನಾಲ್ಕು ಸಲವೂ ಕಂದಕ.

"ನೋಡಿದ್ರಾ ಬುದ್ಧಿ? ಆಟದಲ್ಲೂ ನನ್ನ ಹಣೆಬರಹ ಇಷ್ಟೇ."

"ಹಣೆಬರಹ ಆಮೇಲೆ. ಶುರೂನಲ್ಲಿ ಅದನ್ನ ಯಾಕೆ ಹಿಡಿದುಕೊಂಡೆ?"

"ತಾನಾಗೇ ತಿರುಗ್ತಿತ್ತಲ್ಲ! ಭಯ ಆಯ್ತು."

"ಸ್ವಿಚ್ ಆರಿಸು. ಮತ್ತೆ ಹಾಕು. ಈ ಸಲ ಕೈ ತೊಡೆ ಮೇಲಿರಲಿ."

ಸ್ಟೀರಿಂಗ್ ಮತ್ತೆ ಗರ್ರೆಂದಿತು. ಅವಳು ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂತಳು. ಅದು ಎಡಗಡೆಯ ಕೊನೆ ಮುಟ್ಟಿತು, ಬಲಗಡೆಯ ಕೊನೆ ಮುಟ್ಟಿತು, ನಿಧಾನಕ್ಕೆ ಹಿಂದೆ ಬಂದು ಮಧ್ಯದಲ್ಲಿ ನಿಂತಿತು.

"ಏನು ಮಾಡ್ತು ಅದು?" ಗುರುಗಳು ಕೇಳಿದರು.

"ತನ್ನ ನಡು ಎಲ್ಲಿದೆ ಅಂತ ನೋಡಿಕೊಳ್ತು."

"ಮೊದಲ ಸಲ?"

"ಆಗ ಅರ್ಧದಲ್ಲೇ ಹಿಡಿದುಬಿಟ್ಟೆ. ನಾನು ಹೆದರಿದ ಜಾಗವನ್ನೇ ಅದು ನಡು ಅಂದುಕೊಳ್ತು."

ಗುರುಗಳು ಎದ್ದು ಹೊಳೆಯ ಕಡೆ ಹೋದರು.

ಮಾರನೇ ದಿನ ಕಾರು ನೆಟ್ಟಗೆ ಹೋಯಿತು. ಆದರೆ ಮೊದಲ ಕಲ್ಲಿಗೇ ವ್ಯಾಸಪೀಠ ಮೇಕೆಮರಿಯ ಹಾಗೆ ಕುಪ್ಪಳಿಸಿತು. ಅಲ್ಲಿಂದ ಬಿಚ್ಚಿ, ಅಡುಗೆಮನೆಯ ತರಕಾರಿ ಹೆಚ್ಚುವ ತೇಗದ ಮೇಜಿಗೆ ಬಿಗಿದರು. ನಾಲ್ಕು ಜನ ಎತ್ತಿದರೂ ಜಗ್ಗದ ಮೇಜದು.

ಕರಿಬಸಯ್ಯನಿಗೆ ಹಬ್ಬವಾಯಿತು. ಒಲೆ ಮುಂದೆ ಕೂತೇ ಕೆಣಕುತ್ತಿದ್ದ.

"ನಿಧಾನ ಕಣವ್ವ. ನನ್ನ ಒಂದು ಹಲ್ಲು ಆ ತಿರುವಲ್ಲೇ ಬಿದ್ದದೆ. ಉಳಿದವನ್ನಾದರೂ ಬುಡು."

ಅವಳಿಗೆ ನಗು ಬರಲಿಲ್ಲ. ಸ್ಟೀರಿಂಗ್ ಒಂದೊಂದು ಸಲ ಎಳೆದಾಗಲೂ ಜೀವ ಬಾಯಿಗೆ ಬರುತ್ತಿತ್ತು. ಆಟವೆಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದಳು. ಸ್ಟೀರಿಂಗಿನ ಬಲ ಎಷ್ಟಿರಬೇಕೆಂದು ಕಂಪ್ಯೂಟರಿನಲ್ಲಿ ಸೊನ್ನೆಯಿಂದ ನೂರರವರೆಗೆ ಒಂದು ಗೆರೆಯಿತ್ತು. ಯಾರಿಗೂ ಹೇಳದೆ ಅದನ್ನು ಸೊನ್ನೆಗೆ ಎಳೆದಳು.

ಆಹಾ! ಎಳೆತವಿಲ್ಲ, ನಡುಕವಿಲ್ಲ. ಮೂರು ದಿನ ನೆಮ್ಮದಿಯಾಗಿ ಓಡಿಸಿದಳು. ಆಟದಲ್ಲೂ ಜಲ್ಲಿ ಚೆಲ್ಲಿದ ಒಂದು ತಿರುವಿತ್ತು. ಅದು ಬಂದಾಗ ಮಾತ್ರ ಕಾರು ಜಾರಿ ಕಂದಕಕ್ಕೆ ಹೋಗುತ್ತಿತ್ತು. ಯಾಕೆಂದೇ ತಿಳಿಯುತ್ತಿರಲಿಲ್ಲ.

ನಾಲ್ಕನೇ ದಿನ ಗುರುಗಳು ಬಂದು ಅವಳ ಹಿಂದೆ ನಿಂತರು. ಪರದೆ ಅವರಿಗೆ ಕಾಣುವಂತಿರಲಿಲ್ಲ. ಕೈ ಚಾಚಿ ಸ್ಟೀರಿಂಗ್ ಹಿಡಿದರು.

"ಇದು ಸತ್ತಿದೆಯಲ್ಲ. ಯಾರು ಕೊಂದಿದ್ದು?"

ಅವಳು ತಲೆ ತಗ್ಗಿಸಿದಳು. "ನಾನೇ ಬುದ್ಧಿ. ಅದು ಎಳೆದರೆ ಭಯವಾಗ್ತಿತ್ತು."

"ಅವತ್ತು ಒಂಬತ್ತನೇ ತಿರುವಲ್ಲಿ ಜೀಪಿನ ಸ್ಟೀರಿಂಗ್ ಹೇಗಿತ್ತು? ಎಳೀತಾ?"

ಅವಳು ವರ್ಷದಿಂದ ಆ ಗಳಿಗೆಯನ್ನು ನೆನೆಯದೆ ತಪ್ಪಿಸಿಕೊಂಡು ತಿರುಗಿದ್ದಳು. ಈಗ ಕಣ್ಣು ಮುಚ್ಚಿದಳು.

"ಇಲ್ಲ. ಎಳೀಲಿಲ್ಲ. ಇದ್ದಕ್ಕಿದ್ದ ಹಾಗೆ ಹಗುರವಾಯ್ತು. ಕೈಯಲ್ಲಿ ಏನೂ ಇಲ್ಲದ ಹಾಗೆ. ಅದಕ್ಕೇ ಇನ್ನೂ ತಿರುಗಿಸಿದೆ, ಇನ್ನೂ ತಿರುಗಿಸಿದೆ..."

"ಈಗ ಕೈಯಲ್ಲಿ ಏನಿದೆ?"

ಅವಳು ಸ್ಟೀರಿಂಗನ್ನು ಆಚೆ ಈಚೆ ಆಡಿಸಿದಳು. ಅದು ಸಲೀಸಾಗಿ ತಿರುಗಿತು. ಅದೇ ಹಗುರ. ಮೂರು ದಿನ ಅದರೊಳಗೇ ಕೂತು ನೆಮ್ಮದಿ ಎಂದುಕೊಂಡಿದ್ದಳಲ್ಲ! ತಟ್ಟನೆ ಕೈ ಬಿಟ್ಟಳು.

ಹೆದರಿದವರು ಹೀಗೇ ನೋಡಿ, ಈ ತುದಿ ಬಿಟ್ಟರೆ ಆ ತುದಿ. ಅವಳು ಹೋಗಿ ಬಲವನ್ನು ನೂರಕ್ಕೆ ಏರಿಸಿದಳು.

ಸ್ಟೀರಿಂಗ್ ರಾಕ್ಷಸನಂತೆ ಎಳೆಯಿತು. ಕಲ್ಲಿಗೂ ಅಷ್ಟೇ, ತಿರುವಿಗೂ ಅಷ್ಟೇ, ಮಟ್ಟಸವಾದ ರಸ್ತೆಗೂ ಅಷ್ಟೇ. ಅವಳು ಹಲ್ಲು ಕಚ್ಚಿ ಜಗ್ಗಿದಳು. ಸಂಜೆಗೆ ಮಣಿಕಟ್ಟು ಊದಿಕೊಂಡಿತು. ಜಲ್ಲಿಯ ತಿರುವಿನಲ್ಲಿ ಕಾರು ಎಂದಿನಂತೆ ಕಂದಕ ಸೇರಿತು.

"ರಸ್ತೆ ಏನು ಹೇಳ್ತು?" ಗುರುಗಳು ಕೇಳಿದರು.

"ಕಿರುಚಾಡ್ತು ಬುದ್ಧಿ."

"ಏನಂತ?"

"ಅದು ಗೊತ್ತಾಗಲಿಲ್ಲ."

ಗುರುಗಳು ಕರಿಬಸಯ್ಯನ ಕಡೆ ತಿರುಗಿದರು. "ಆ ಪರಾತ ತಗೊಂಡು ಸೌಟಲ್ಲಿ ಬಡಿಯೋ."

ಕರಿಬಸಯ್ಯನಿಗೆ ಅಷ್ಟೇ ಬೇಕಿತ್ತು. ಅಡುಗೆಮನೆಯ ಹೆಂಚು ಹಾರುವ ಹಾಗೆ ಬಡಿದ. ಆ ಸದ್ದಿನಲ್ಲಿ ಗುರುಗಳ ತುಟಿ ಅಲ್ಲಾಡಿತು.

"ನಾನು ಏನಂದೆ?"

"ಏನೂ ಕೇಳಿಸಲಿಲ್ಲ ಬುದ್ಧಿ!"

ಗುರುಗಳು ಕೈ ಎತ್ತಿದರು. ಬಡಿತ ನಿಂತಿತು. ಆದರೆ ಅವರು ಹೇಳಿದ್ದನ್ನು ಮತ್ತೆ ಹೇಳಲಿಲ್ಲ. ಅವಳು ತಾನೇ ಬಾಗಿ ಬಲವನ್ನು ಇಳಿಸತೊಡಗಿದಳು. ಎಂಬತ್ತು. ಅರವತ್ತು. ಐವತ್ತು.

ನಲವತ್ತೈದರಲ್ಲಿ ಕಲ್ಲು ಕಲ್ಲಿನ ಹಾಗೆ, ತಿರುವು ತಿರುವಿನ ಹಾಗೆ ಬೇರೆ ಬೇರೆಯಾಗಿ ಕೈಗೆ ಬಂದವು.

ಮರುದಿನ ಜಲ್ಲಿಯ ತಿರುವಿನಲ್ಲಿ ಅವಳು ಚೀರಿದಳು.

"ಹಗುರಾಯ್ತು! ಬುದ್ಧಿ, ಈಗ ಹಗುರಾಯ್ತು! ಕಾರು ಇನ್ನೂ ಜಾರಿಲ್ಲ!"

"ಇನ್ನೂ ತಿರುಗಿಸ್ತೀಯಾ?"

"ಇಲ್ಲ. ತಡೀತೀನಿ."

ಪೆಡಲಿನಿಂದ ಕಾಲು ತೆಗೆದಳು. ಕೈ ಇದ್ದಲ್ಲೇ ಇಟ್ಟಳು. ಒಂದು ಉಸಿರಿನಷ್ಟು ಹೊತ್ತು ಏನೂ ಇರಲಿಲ್ಲ. ಆಮೇಲೆ ಸ್ಟೀರಿಂಗಿಗೆ ಮತ್ತೆ ಭಾರ ಬಂತು, ಕಾರು ತಿರುವು ದಾಟಿತು. ಕರಿಬಸಯ್ಯ ಸೌಟು ಹಿಡಿದೇ ಎದ್ದು ನಿಂತಿದ್ದ. ಕೆಣಕುವುದನ್ನು ಮರೆತಿದ್ದ.

ಅವಳು ಅದೇ ತಿರುವನ್ನು ಅವತ್ತು ನಲವತ್ತು ಸಲ ದಾಟಿದಳು. ನಲವತ್ತು ಸಲವೂ ಹೆದರಿದಳು.

ಹದಿನಾಲ್ಕನೇ ದಿನ ಹೊಳೆ ಮೆಟ್ಟಿಲಲ್ಲಿ ಗುರುಗಳನ್ನು ಕೇಳಿದಳು.

"ಬುದ್ಧಿ, ನಿಮಗೆ ಎಂದೂ ಭಯ ಆಗಿಲ್ಲವಾ?"

"ಕಣ್ಣು ಮಂಜಾಗಿ ಆರು ತಿಂಗಳಾಯ್ತು. ಹೇಳೋಕೆ ಭಯವಾಗಿ ಆರು ತಿಂಗಳೂ ಓಡಿಸಿದೆ. ರಸ್ತೆ ನನ್ನ ಕೈಗೆ ಗೊತ್ತು ಅಂತ ನನಗೆ ನಾನೇ ಹೇಳ್ಕೊಂಡೆ. ಕರಿಬಸಯ್ಯ ಹಿಂದೆ ಕೂತು ನಿದ್ದೆ ಮಾಡ್ತಿದ್ದ. ನನ್ನ ನಂಬಿ ನಿದ್ದೆ ಮಾಡ್ತಿದ್ದ, ಕೂಸೇ."

ಶಿವಲೀಲಾ ಟವೆಲ್ ಎತ್ತಿ ಅವರ ಕೈಗಿಟ್ಟಳು.

ಸೋಮವಾರ ಬೆಳಗಾಯಿತು. ಮೂವರೂ ಜೀಪು ಹತ್ತಿದರು. ಗುರುಗಳು ಅವಳ ಪಕ್ಕ ಕೂತರು, ಕರಿಬಸಯ್ಯ ಹಿಂದೆ.

ಅವಳು ಕೀ ತಿರುಗಿಸಿದಳು. ಕೀಗೊಂಚಲು ಗಲಗಲ ಅಂದಿತು. ಇಲ್ಲಿ ಸ್ವಿಚ್ ಆರಿಸಿ ಮತ್ತೆ ಹಾಕುವಂತಿಲ್ಲ. ಇಲ್ಲಿ ಕಂದಕಕ್ಕೆ ಬಿದ್ದರೆ ಬಿದ್ದಂತೆಯೇ.

ಒಂದು, ಎರಡು, ಮೂರು. ತಿರುವುಗಳು ಹಿಂದೆ ಸರಿದವು. ಕರಿಬಸಯ್ಯ ಸೀಟಿನ ಕಂಬಿ ಹಿಡಿದು ಕೂತಿದ್ದ. ಇವತ್ತು ಅವನಿಗೂ ನಿದ್ದೆ ಬಂದಿರಲಿಲ್ಲ.

ಎಂಟನೆಯದಾಯಿತು.

ಒಂಬತ್ತನೇ ತಿರುವು ಕಂಡಿತು. ಮುರಿದ ತಡೆಗೋಡೆಗೆ ಹೊಸ ಸಿಮೆಂಟು ಹಾಕಿದ್ದರು. ಜಲ್ಲಿ ಮಾತ್ರ ಹಾಗೇ ಇತ್ತು.

ನಡುತಿರುವಿನಲ್ಲಿ ಸ್ಟೀರಿಂಗ್ ಹಗುರವಾಯಿತು.

ಅಯ್ಯೋ! ಎಡಗಡೆ ಆಕಾಶ ಬಿಟ್ಟರೆ ಬೇರೇನೂ ಕಾಣಲಿಲ್ಲ. ತಿರುಗಿಸು, ಇನ್ನೂ ತಿರುಗಿಸು ಎಂದು ಇಡೀ ಮೈ ಕೂಗಿತು. ಅವಳು ತಿರುಗಿಸಲಿಲ್ಲ. ಕಾಲು ಎತ್ತಿದಳು, ಕೈ ಇದ್ದಲ್ಲೇ ಇಟ್ಟು ಕಾದಳು. ಆ ಒಂದು ಕ್ಷಣ ಮುಗಿಯುವ ಹಾಗೇ ಇರಲಿಲ್ಲ. ಆಮೇಲೆ ಚಕ್ರ ನೆಲ ಕಚ್ಚಿತು. ಅಂಗೈಗೆ ಭಾರ ಬಂತು.

ತಿರುವು ದಾಟಿ, ರಸ್ತೆ ಅಗಲವಾದಲ್ಲಿ ಬೆಟ್ಟದ ಬದಿಗೆ ಜೀಪು ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗಿಗೆ ಹಣೆ ಹಚ್ಚಿ ಗಳಗಳನೆ ಅತ್ತುಬಿಟ್ಟಳು.

ಹಿಂದಿನಿಂದ ಕರಿಬಸಯ್ಯ ಮೆಲ್ಲಗೆ ಹೇಳಿದ, "ದಾಟಿಬುಟ್ಟೆವಲ್ಲ ಕಣವ್ವ. ಅಳಬ್ಯಾಡ."

"ಇನ್ನೂ ಐದು ತಿರುವು ಇದೆ," ಎಂದಳು ಬಿಕ್ಕುತ್ತಾ. "ಬುದ್ಧಿ, ನೀವು ಹೇಳಿದ್ದೆಲ್ಲ ಮಾಡಿದೆ. ಹದಿನೈದು ದಿನ ಬಿಡದೆ ಮಾಡಿದೆ. ಈ ಭಯ ಮಾತ್ರ ಒಂದು ಚೂರೂ ಹೋಗಲಿಲ್ಲ. ಯಾವಾಗ ಹೋಗುತ್ತೆ ಇದು?"

ಗುರುಗಳು ಅವಳ ಕಡೆ ತಿರುಗಿದರು. ಅವರ ಕಣ್ಣು ಅವಳ ಮುಖವನ್ನು ಹುಡುಕಿ, ಸಿಗದೆ, ಅವಳ ಭುಜದ ಹತ್ತಿರ ಎಲ್ಲೋ ನಿಂತಿತು.

"ನನ್ನ ಕಣ್ಣು ಹೋಯ್ತು ಕೂಸೇ. ನಿನ್ನ ಭಯವೂ ಹೋಗಿಬಿಟ್ಟರೆ, ಈ ಜೀಪಿನಲ್ಲಿ ದಾರಿ ನೋಡೋರು ಯಾರು?"