ಬಣ್ಣದ ದೂರ

ಯಮನೂರ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ, ಶಾಲೆಯಲ್ಲಿ ಹದಿಮೂರರ ಮಗ್ಗಿ ಒಪ್ಪಿಸಬೇಕಾಗಿದ್ದ ದಿನ. ಪಾಟಿಚೀಲವನ್ನು ಬೇವಿನ ಗಿಡಕ್ಕೆ ನೇತುಹಾಕಿ ಹೋದವನು, ಅದನ್ನು ಇಳಿಸಿಕೊಳ್ಳಲು ತಿರುಗಿ ಬರಲೇ ಇಲ್ಲ.

ಆಮೇಲೆ ಲಾರಿ ತೊಳೆದ, ಫೋಟೊ ಸ್ಟುಡಿಯೊದಲ್ಲಿ ಕಸ ಹೊಡೆದ, ಮದುವೆಗಳ ವಿಡಿಯೊ ಹಿಡಿದ. ಒಂದೂರಿನ ನೀರು ಹೊಟ್ಟೆಗೆ ಒಗ್ಗುವ ಮೊದಲೇ ಇನ್ನೊಂದೂರಿನ ಬಸ್ಸು ಹತ್ತುತ್ತಿದ್ದ. ಹಾಗೆ ಅಲೆಯುತ್ತ ದಾವಲಜ್ಜನ ಗುಡಿಸಲಿಗೆ ಬಂದು ಮುಟ್ಟಿದ.

ಗುಡಿಸಲು ಹೊಳೆದಂಡೆಯಲ್ಲಿತ್ತು. ಹೆಣ್ಣುವೇಷ ಹಾಕುವ ಗಂಡಸರ ಆಟವನ್ನೂ ಮಾತನ್ನೂ ಕ್ಯಾಮೆರಾದಲ್ಲಿ ಹಿಡಿಯುವುದರಲ್ಲೇ ಆಯುಷ್ಯ ಸವೆಸಿದವನು ದಾವಲಜ್ಜ. ಬಯಲಾಟದವರು ಅವನನ್ನು ನಂಬುತ್ತಿದ್ದರು. ಪಟ್ಟಣದ ವೇದಿಕೆಗಳಲ್ಲಿ ಹೆಣ್ಣುವೇಷ ತೊಟ್ಟು ಕುಣಿಯುವ ಡ್ರ್ಯಾಗ್ ಕಲಾವಿದರೂ ಹುಡುಕಿಕೊಂಡು ಬರುತ್ತಿದ್ದರು.

“ಅಜ್ಜಾರ, ನನಗೂ ಕಲಿಸ್ರಿ,” ಅಂದ ಯಮನೂರ.

“ಏನು ಕಲೀತಿ?”

“ಚಲೋತ್ನಂಗ ಹಿಡಿಯೋದು.”

“ಸಂಜೀಕ ದ್ಯಾಮಕ್ಕನ ಆಟ ಐತಿ. ಹಿಡಕೊಂಡು ಬಾ.”

ದ್ಯಾಮಣ್ಣ ಅಲ್ಲಿಯ ಬಯಲಾಟದ ಮೇಳದಲ್ಲಿ ರಾಣಿ ಪಾತ್ರದವನು. ಬಳೆ ತೊಟ್ಟರೆ ದ್ಯಾಮಕ್ಕ, ಕಳಚಿದರೆ ದ್ಯಾಮಣ್ಣ. ಮೇಳದಲ್ಲಿ ಯಾರೂ ಹೀಗೆ ಕರೆಯುವುದನ್ನು ತಪ್ಪುತ್ತಿರಲಿಲ್ಲ. ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿಯಾಗಿ ಅವಳು ಹಾಡತೊಡಗಿದರೆ, ಚಾಪೆಯ ಮೇಲೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು.

ಯಮನೂರ ಆಟದ ರಂಗದ ಅಟ್ಟದ ಬುಡಕ್ಕೇ ಹೋಗಿ ನಿಂತ. ಝೂಮ್ ಎಳೆದ. ಹಾಡುವಾಗ ಏರಿಳಿಯುವ ಗಂಟಲಗಂಟು, ಪೌಡರಿನ ಕೆಳಗಿನ ಗಡ್ಡದ ನೆರಳು, ಬೆವರಿಗೆ ಬಿರುಕು ಬಿಟ್ಟ ಬಣ್ಣ. ಒಂದನ್ನೂ ಬಿಡಲಿಲ್ಲ.

ಮರುದಿನ ಮುಂಜಾನೆ ಚಹಾದಂಗಡಿಯ ಟಿವಿಗೆ ವಾಯರು ಸಿಕ್ಕಿಸಿ, ಮೇಳದವರಿಗೆಲ್ಲ ತೋರಿಸಿದ. ದ್ಯಾಮಣ್ಣ ಎಲ್ಲರಿಗಿಂತ ಮುಂದೆ ಕೂತಿದ್ದ.

“ಏ, ರಾಣಿಗೆ ಗಡ್ಡ ಬಂದೈತ್ರೋ!” ಎಂದು ಯಾರೋ ಕೂಗಿದರು. ಅಂಗಡಿಗೆ ಅಂಗಡಿಯೇ ನಕ್ಕಿತು.

ದ್ಯಾಮಣ್ಣನೂ ನಕ್ಕ. “ನನ್ನ ಮೀಸಿ ಹುಡುಕಾಕ ಬಂದಿದ್ದೇನೋ ತಮ್ಮಾ? ಕೇಳಿದ್ರ ನಾನ ತೋರಿಸ್ತಿದ್ದೆ.”

ಆಮೇಲೆ ಅರ್ಧ ಕುಡಿದ ಚಹಾ ಕೆಳಗಿಟ್ಟು ಎದ್ದ. “ಇವತ್ತಿನಿಂದ ರಾಣಿ ಪಾತ್ರ ಬ್ಯಾರೆಯವರಿಗೆ ಕೊಡ್ರಪಾ. ನಾ ಇನ್ನ ಬಣ್ಣ ಹಚ್ಚೂದಿಲ್ಲ.”

ಆ ಪಾತ್ರಕ್ಕೆ ಮೇಳದಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಎದ್ದು ಹೋದ ಮೇಲೆ ಯಾರೂ ನಗಲಿಲ್ಲ.

ಯಮನೂರ ಹೊಳೆದಂಡೆಗೆ ಓಡಿ ಬಂದು ನಡೆದದ್ದನ್ನು ಹೇಳಿದ. ಕೊನೆಗೆ, “ನನ್ನದೇನು ತಪ್ಪು ಅಜ್ಜಾರ? ಇದ್ದದ್ದನ್ನ ಹಿಡದೇನಿ. ಇಲ್ಲದ್ದನ್ನ ಹಿಡದೇನೇನು?” ಅಂದ.

ದಾವಲಜ್ಜ ಒಳಗೆ ಹೋದ. ಬಣ್ಣದ ಡಬ್ಬಿ ತಂದು ಶಿಷ್ಯನ ಮುಖಕ್ಕೆ ದಪ್ಪಗೆ ಬಳಿದ. ಕಣ್ಣಿಗೆ ಕಾಡಿಗೆ ಎಳೆದ. ಹಳೆಯ ಸೀರೆಯೊಂದನ್ನು ಸುತ್ತಿದ. ಕನ್ನಡಿ ಹಿಡಿದ.

“ಯಪ್ಪಾ, ದೆವ್ವ!” ಅಂದ ಯಮನೂರ.

“ಹೌದು. ಹೋಗಿ ಒಂದು ಕೊಡ ನೀರು ತಾ.”

ಯಮನೂರ ತಲೆ ತಗ್ಗಿಸಿಕೊಂಡು ಹೊಳೆಗೆ ಇಳಿದ. ಆಚೆ ದಂಡೆಯಲ್ಲಿ ಒಬ್ಬ ಹೆಂಗಸು ಅರಿವೆ ಒಗೆಯುತ್ತಿದ್ದಳು. ಕೈ ನಿಲ್ಲಿಸಿ ಕೂಗಿದಳು:

“ತಂಗೀ, ಅಲ್ಲಿ ಪಾಚಿಗಟ್ಟೇತಿ! ಕಾಲು ಜಾರೀತು, ಹುಷಾರವ್ವಾ!”

ಅವನು ನಿಂತಲ್ಲೇ ನಿಂತ. ಇಷ್ಟು ಊರು ತಿರುಗಿದ್ದ. ಕಾಲು ಜಾರೀತೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೊಡ ಹೊತ್ತು ತಂದಾಗ ದಾವಲಜ್ಜ ಕೇಳಿದ. “ಏನಂದಳು?”

“ತಂಗೀ ಅಂದ್ಲು.”

“ಸುಳ್ಳಾಡಿದಳೇನು?”

ಯಮನೂರ ಕೊಡ ಕೆಳಗಿಳಿಸಿದ.

“ನಾ ಬಣ್ಣ ಹಚ್ಚಿದ್ದು ಹೊಳಿ ಆಚೆ ದೂರ ನಿಂತ ಅಕಿ ಕಣ್ಣಿಗೆ. ನಿನ್ನ ಕನ್ನಡಿಗಲ್ಲ. ಮುಖ ತೊಳಕೊಂಡು ದ್ಯಾಮಣ್ಣನ ಕಡೆ ಹೋಗು. ಅವನ ಮಾತು ಹಿಡಕೊಂಡು ಬಾ.”

ದ್ಯಾಮಣ್ಣ ಚಪ್ಪರದ ಕೆಳಗೆ ಸೀರೆ ಮಡಚಿ ಪೆಟ್ಟಿಗೆ ತುಂಬುತ್ತಿದ್ದ. ಬರಿ ಮುಖ, ನರೆತ ಕುರುಚಲು ಗಡ್ಡ. ಯಮನೂರನಿಗೆ ಹತ್ತಿರ ಹೋಗಲು ನಾಚಿಕೆ. ದೂರದ ಗಿಡದ ಬುಡದಲ್ಲಿ ಕ್ಯಾಮೆರಾ ನಿಲ್ಲಿಸಿದ.

“ಯಾಕೋ ತಮ್ಮಾ?” ದ್ಯಾಮಣ್ಣ ಕೂಗಿದ. “ನಿನ್ನೆ ಮೂಗಿನ್ಯಾಗ ಹೊಕ್ಕಿದ್ದಿ, ಇವತ್ತು ಹೊಲ ಕಾಯಾವ ನಿಂತಂಗ ನಿಂತೀದಿ?”

ಯಮನೂರ ಕ್ಯಾಮೆರಾ ಎತ್ತಿಕೊಂಡು ಬಂದ. “ಎಲ್ಲಿ ಕೂಡ್ಲಿ ಅಣ್ಣಾ?”

ದ್ಯಾಮಣ್ಣ ಅವನನ್ನೇ ನೋಡಿದ. ಪೆಟ್ಟಿಗೆ ಸರಿಸಿದ. “ಇಲ್ಲೇ ಕೂಡು. ಮೊಣಕಾಲಿಗೆ ಮೊಣಕಾಲು ತಾಗಲಿ.”

ಕ್ಯಾಮೆರಾವನ್ನು ಅವನ ಕಣ್ಣಿನ ಮಟ್ಟಕ್ಕೆ ಹಿಡಿದು ಯಮನೂರ ಕೇಳಿದ: “ಮುಂಜಾನೆ ನೀ ಯಾಕ ನಕ್ಕಿ?”

“ನಗಲಿಲ್ಲಂದ್ರ ಅಳಬೇಕಿತ್ತಲ್ಲೋ.” ದ್ಯಾಮಣ್ಣ ಸೀರೆಯ ಅಂಚು ಸವರಿದ. “ದ್ಯಾಮಕ್ಕನ್ನ ನಾ ಎಂದೂ ನೋಡಿಲ್ಲ, ಅಜ್ಜಾರು ಹಿಡದದ್ದನ್ನೂ ನೋಡಾಕ ಧೈರ್ಯ ಬಂದಿರಲಿಲ್ಲ. ನನ್ನ ಕನ್ನಡಿ ಗೇಣು ದೂರಕ್ಕ ಇರ್ತೈತಿ, ಅದರಾಗ ಅಕಿ ಬರೂದಿಲ್ಲ. ಚಾಪಿ ಮ್ಯಾಲ ಕೂತವರು ನೋಡ್ಯಾರ, ಚೆಂದ ಅದಾಳಂತ ಹೇಳ್ಯಾರ. ಅವರ ಮಾತು ನಂಬಿ ಇಷ್ಟು ವರ್ಷ ಕುಣದೆ. ಇವತ್ತ ಒಮ್ಮೆ ನಾನೂ ನೋಡೂನಂತ ಟಿವಿ ಮುಂದ ಕೂತಿದ್ದೆ.”

ಅವನ ಕಣ್ಣು ತುಂಬಿತು. ಯಮನೂರ ಮೆಲ್ಲಗೆ ಕ್ಯಾಮೆರಾ ಆರಿಸಿದ.

“ಯಾಕ ಆರಿಸಿದಿ?”

“ನೀ ಅಳಾಕತ್ತಿ, ಅಣ್ಣಾ.”

“ಈ ಮಾರಿಗೆ ಬಣ್ಣ ಐತೇನು? ಇದನ್ನ ಹತ್ರದಿಂದ ಹಿಡೀಬೇಕು. ಹಿಡಿ.”

ಯಮನೂರ ಹಿಡಿದ. 

ಎಲ್ಲ ಮುಗಿದ ಮೇಲೆ ಕೇಳಿಕೊಂಡ. “ಸಂಜೀಕ ಒಂದು ಸಲ ಆಡು. ನಾ ಹೆಂಗಸರ ಹಿಂದ ಕೂಡ್ತೇನಿ. ಅವರು ನೋಡೂ ದ್ಯಾಮಕ್ಕನ್ನ ನಿನಗ ತೋರಿಸ್ತೇನಿ.”

“ಮತ್ತ ಮೂಗಿನ್ಯಾಗ ಹೊಕ್ಕಿ ಅಂದ್ರ?”

“ಬಳಿ ತೊಟ್ಟ ಕೈಲೇ ಬಾರಿಸು.”

ದ್ಯಾಮಣ್ಣ ನಕ್ಕ. ಮುಂಜಾನೆಯ ನಗುವಲ್ಲ ಅದು. “ಆ ಪೆಟ್ಟಿಗ್ಯಾಗಿನ ಬಳಿ ಇತ್ತ ಕೊಡು.”

ಸಂಜೆ ಯಮನೂರ ಚಾಪೆಯ ಹಿಂದೆ ಕೂತ. ಮುಂದಿದ್ದ ಮುದುಕಿಯ ತುರುಬು ಚಿತ್ರದ ಮೂಲೆಗೆ ಬಂತು. ಇರಲಿ ಎಂದು ಬಿಟ್ಟ. ಝೂಮನ್ನು ಮುಟ್ಟಲಿಲ್ಲ. ದ್ಯಾಮಕ್ಕ ಹಾಡಿದಳು, ಆ ಮುದುಕಿಯ ಭುಜ ಅಲುಗಿತು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೇ ದ್ಯಾಮಣ್ಣ ಒಬ್ಬನೇ ಬಂದು ಟಿವಿಯ ಮುಂದೆ ಕೂತ. ಯಮನೂರ ವಾಯರು ಸಿಕ್ಕಿಸಿ ವಿಡಿಯೊ ಹಚ್ಚಿದ.

“ಅಯ್ಯ,” ಅಂದ ಕಡೆಗೆ. “ಎಷ್ಟು ಚೆಂದ ಅದಾಳೋ ಇಕಿ.”

ಯಮನೂರ ಗುಡಿಸಲಿಗೆ ಬಂದು ಎರಡು ಅಂಗಿ, ಒಂದು ಟವೆಲು ಚೀಲಕ್ಕೆ ತುರುಕಿದ. ತನ್ನ ಕ್ಯಾಮೆರಾವನ್ನು ಪಂಚೆಯಲ್ಲಿ ಸುತ್ತಿದ.

“ಹೊಂಟೇನ್ರಿ ಅಜ್ಜಾರ. ಪಟ್ಟಣದ ಡ್ರ್ಯಾಗ್ ಮಂದಿ ಕರದಾರ.”

“ಹೋಗು.”

ಚೀಲದ ಬಾಯಿ ಬಿಗಿಯುತ್ತ ಯಮನೂರ ತಡೆದು ನಿಂತ. “ಅವರು ಫೋನಿನ ಮುಂದ ನಿಲ್ಲಾಕಂತನ ಬಣ್ಣ ಹಚ್ಕೋತಾರಂತ. ರೆಪ್ಪಿ ಮ್ಯಾಲ ಮಿಂಚಿನ ಪುಡಿ ಅಂತ. ಅವರಿಂದ ನಾ ಎಷ್ಟು ದೂರ ನಿಲ್ಲಬೇಕ್ರಿ?”

ದಾವಲಜ್ಜ ಬೀಡಿ ಹೊತ್ತಿಸಿದ.

“ನನ್ನ ಕೇಳ್ತೀಯಲ್ಲೋ, ಬಣ್ಣ ಹಚ್ಕೊಂಡಾಕಿ ನಾನೇನು?”