ಒಗ್ಗರಣೆ ಇಲ್ಲದ ಬೇಳೆ

"ಮತ್ತೆ ನಡುವೆ ಬಾಯಿ ಹಾಕಿದೆಯಾ? ದೊಡ್ಡವರ ಒಂದು ಮಾತು ಮುಗಿಯುವವರೆಗೆ ಸುಮ್ಮನಿರಲು ನಿನಗೇನು ಕಷ್ಟ?" ಸರ್ವಮಂಗಳಾ ಮಗಳನ್ನು ಗದರಿದಳು. ಆಮೇಲೆ ಗುರುಗಳ ಕಡೆ ತಿರುಗಿ, "ಇವಳನ್ನು ಹೆತ್ತ ಮೇಲೆ ಒಂದು ವಾಕ್ಯವನ್ನು ಪೂರ್ತಿ ಆಡಿದ ನೆನಪೇ ನನಗಿಲ್ಲ" ಎಂದಳು.

ಮಗು ಸೆರಗು ಬಿಡಲಿಲ್ಲ. "ಹಸಿವು ಅಮ್ಮಾ. ದೊಡ್ಡಪ್ಪ ಕೊಟ್ಟ ಡಬ್ಬಿ ತೆಗಿ."

"ಅದು ಈ ತಾತನಿಗೆ ಕೊಟ್ಟು ಕಳಿಸಿದ್ದು. ನಿನಗೆ ಮನೆಗೆ ಹೋಗಿ ಅನ್ನ ಕಲಸಿ ಕೊಡುತ್ತೇನೆ." ಡಬ್ಬಿಯ ಮುಚ್ಚಳದ ಮೇಲೆ ಬಿದ್ದ ಪುಟ್ಟ ಕೈಯನ್ನು ಅವಳು ಬೇಗನೆ ಸರಿಸಿದಳು. ಗುರುಗಳು ಅದನ್ನು ನೋಡಿದರು.

ಗುರುಗಳು ಊರಿನ ಪತ್ರಿಕೆಯಲ್ಲಿ ತಲೆ ನರೆಯುವವರೆಗೆ ದುಡಿದವರು. ಸರ್ವಮಂಗಳಾಗೆ ಬರೆಯುವುದನ್ನು ಕಲಿಸಿದವರು ಅವರೇ. ಈಗ ಅವಳು ಅದೇ ಪತ್ರಿಕೆಗೆ ವಾರವಾರವೂ ಹೋಟೆಲುಗಳ ಊಟ ತಿಂಡಿಯ ವಿಮರ್ಶೆ ಬರೆಯುತ್ತಿದ್ದಳು.

"ಗುರುಗಳೇ, ನಮ್ಮ ಊರಿನ ಹೋಟೆಲುಗಳನ್ನೆಲ್ಲ ಬರೆದು ಮುಗಿಸಿದ್ದೇನೆ. ಇನ್ನು ಸುತ್ತಲಿನ ಜಿಲ್ಲೆಗಳನ್ನೆಲ್ಲ ಸುತ್ತಿ ಬರಿ ಎನ್ನುತ್ತಿದ್ದಾರೆ ಸಂಪಾದಕರು. ಊರಿನದು ಎಷ್ಟು ಬರೆಯಬೇಕು, ಹೊರಗಿನದು ಎಷ್ಟು? ತಕ್ಕಡಿಯನ್ನು ಹೇಗೆ ಹಿಡಿಯಲಿ?"

"ನಿನ್ನ ಮನಸ್ಸು ಯಾವ ಕಡೆಗಿದೆ?"

"ಹೊರಗೆ. ಇಲ್ಲಿ ಬರೆದು ಬರೆದು ಸಾಕಾಗಿದೆ. ಚಟ್ನಿ ಹುಳಿ ಎಂದು ಬರೆದರೆ ಮರುದಿನ ಸಂತೆಯಲ್ಲಿ ಮುಖ ತಿರುಗಿಸುತ್ತಾರೆ. ಹೊರಗಾದರೆ ಯಾರ ಹಂಗೂ ಇಲ್ಲ."

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರುಚಿಗಾರನಿದ್ದ. ಊರಿನ ಹೋಟೆಲುಗಳಲ್ಲಿ ಉಂಡು, ಪತ್ರಿಕೆಗೆ ಬರೆಯುವುದು ಅವನ ಕೆಲಸ. ಮೊದಮೊದಲು ಕಂಡದ್ದನ್ನು ಕಂಡ ಹಾಗೆ ಬರೆದ. ಒಮ್ಮೆ ಹೆಂಡತಿಯ ಕಡೆಯವರೊಬ್ಬರ ಹೋಟೆಲಿನ ತುಪ್ಪ ಕಮಟು ಎಂದು ಬರೆದ. ಮುಂದಿನ ಮದುವೆಯಲ್ಲಿ ಅವನು ಪಂಕ್ತಿಗೆ ಕುಳಿತ. ಬಡಿಸುವವರು ಅವನ ಎಲೆಯನ್ನು ದಾಟಿ ಮುಂದೆ ಹೋದರು. ಅನ್ನ ಬಂತು, ದಾಟಿತು. ಸಾರು ಬಂತು, ದಾಟಿತು. ಅವನು ಖಾಲಿ ಎಲೆಯನ್ನು ಮಡಿಚಿ ಎದ್ದ.

ಅಂದಿನಿಂದ ಅವನಿಗೆ ಊರಿನ ಊಟವೆಲ್ಲ ಅಮೃತವಾಯಿತು. ಸೀದದ್ದು ಘಮಘಮವಾಯಿತು. ಹಳಸಿದ್ದು ಹದವಾದ ಹುಳಿಯಾಯಿತು. ಜನ ನಕ್ಕರು. "ನಿನ್ನ ಲೇಖನಿ ಮೊಂಡಾಗಿದೆ, ಹೊರಗೆ ಹೋಗಿ ಸಾಣೆ ಹಿಡಿದುಕೊಂಡು ಬಾ" ಎಂದ ಪತ್ರಿಕೆಯ ಯಜಮಾನ.

ರುಚಿಗಾರ ಬಸ್ಸು ಹತ್ತಿದ. ಪರವೂರುಗಳಲ್ಲಿ ಅವನ ಗುರುತು ಯಾರಿಗೂ ಇರಲಿಲ್ಲ. ಒಂದು ಹೊತ್ತು ಉಣ್ಣುವುದು, ಕೈ ತೊಳೆಯುವುದು, ಬಸ್ಸು ಹತ್ತುವುದು. ಊರಿನಲ್ಲಿ ನುಂಗಿಕೊಂಡ ಕಹಿಯನ್ನೆಲ್ಲ ಅಲ್ಲಿ ಉಗುಳಿದ. ಓದುವವರಿಗೆ ಬಲು ರುಚಿಸಿತು. ಬೇರೆ ಊರಿನವರ ಮಾನ ಹೋಗುವುದನ್ನು ಓದಲು ಯಾರಿಗೆ ಬೇಸರ?

ಹೀಗೆ ದೂರದ ಒಂದು ಊರಿನಲ್ಲಿ, ಒಬ್ಬ ಹೆಂಗಸು ನಡೆಸುತ್ತಿದ್ದ ಖಾನಾವಳಿಗೆ ಹೋದ. ಅವಳು ಜೋಳದ ರೊಟ್ಟಿ ಬಡಿಸಿದಳು. ಬೇಯಿಸಿದ ಬೇಳೆಗೆ ಉಪ್ಪು ಹಾಕಿ ಬಡಿಸಿದಳು. ಸಾಸಿವೆ ಇಲ್ಲ, ಕರಿಬೇವಿಲ್ಲ, ಎಣ್ಣೆಯ ಹನಿಯಿಲ್ಲ.

"ಏನಮ್ಮ, ಒಗ್ಗರಣೆ ಹಾಕುವುದು ನಿನಗೆ ಯಾರೂ ಕಲಿಸಲಿಲ್ಲವೇ?" ಎಂದ ರುಚಿಗಾರ.

"ಇವತ್ತು ಇಷ್ಟೇ ಅಪ್ಪಾ. ಹೊಟ್ಟೆ ತುಂಬ ಉಣ್ಣು" ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಅವನು ಊರಿಗೆ ಬಂದು, ಒಗ್ಗರಣೆಯನ್ನೇ ಅರಿಯದ ಊರು ಎಂದು ಬರೆದ. ಅದು ಆ ಊರಿಗೂ ಮುಟ್ಟಿತು. ಹಾದಿಹೋಕರು ಖಾನಾವಳಿಯ ಮುಂದೆ ನಿಂತು ನಕ್ಕು ಮುಂದೆ ಹೋದರು. ದಿನವೂ ಉಣ್ಣುತ್ತಿದ್ದ ಲಾರಿಯವರೂ ಬೇರೆ ಕಡೆ ಲಾರಿ ನಿಲ್ಲಿಸಿದರು. ಹೆಂಗಸು ಒಲೆ ಆರಿಸಿದಳು. ಇನ್ನೊಬ್ಬರ ಮನೆಯ ಮುಸುರೆ ತಿಕ್ಕಲು ಹೋದಳು.

ಆ ಓಣಿಯ ಮುದುಕನೊಬ್ಬ ರುಚಿಗಾರನನ್ನು ಹುಡುಕಿಕೊಂಡು ಬಂದ.

"ನೀನು ಉಂಡ ದಿನ ಅವಳ ಎದುರು ಮನೆಯಲ್ಲಿ ಹೆಣ ಇತ್ತು. ಹೆಣ ಎತ್ತುವವರೆಗೆ ನಮ್ಮ ಓಣಿಯಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲ. ಅಳುವವರ ಮೂಗಿಗೆ ಒಗ್ಗರಣೆಯ ವಾಸನೆ ಹೋಗಬಾರದು. ಹಸಿದು ಬಂದವನನ್ನು ಹಿಂದೆ ಕಳಿಸಬಾರದೆಂದು ಅವಳು ಬೇಳೆಯನ್ನಾದರೂ ಬೇಯಿಸಿದಳು."

"ಹಾಗೆಂದು ಅವಳು ನನಗೆ ಹೇಳಬಹುದಿತ್ತು."

"ಉಣ್ಣುವವನ ಮುಂದೆ ಸಾವಿನ ಮಾತು ಎತ್ತುತ್ತಾರೇನಪ್ಪ?" ಎಂದ ಮುದುಕ. "ಹೋಗಲಿ. ನಮ್ಮದು ನಿನಗೆ ಒಂದು ಹೊತ್ತಿನ ಊರು, ತಿಳಿಯಲಿಲ್ಲ. ಈಗ ನಾನು ಇಲ್ಲಿ ಬಸ್ಸಿಳಿದು ಎದುರಿನ ಹೋಟೆಲಿನಲ್ಲಿ ಉಂಡೆ. ನಿನ್ನೆಯ ಹುಳಿಗೆ ಇವತ್ತಿನ ಬೇಳೆ ಕೂಡಿಸಿ ಕುದಿಸಿದ್ದಾರೆ. ಮೇಲೆ ಒಗ್ಗರಣೆ ಮಾತ್ರ ಜೋರಾಗಿದೆ. ನೀನು ಹುಟ್ಟಿ ಬೆಳೆದ ಊರಲ್ಲವೇ ಇದು? ಇದನ್ನು ಎಲ್ಲಿ ಬರೆದಿದ್ದೀಯ, ತೋರಿಸು."

ಗುರುಗಳು ನಿಲ್ಲಿಸಿದರು.

ಸರ್ವಮಂಗಳಾ ಡಬ್ಬಿಯ ಕಡೆ ನೋಡಿದಳು. ನಿನ್ನೆಯ ಹುಳಿಗೆ ಇವತ್ತಿನ ಬೇಳೆ. ಅದೇ ಮಾತನ್ನು ಅವಳ ಅಕ್ಕ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡು ಹೇಳಿದ್ದಳು. ಭಾವನ ಹೋಟೆಲು ಹುಡುಗಿಯರ ಹಾಸ್ಟೆಲಿನ ಎದುರಿಗೇ ಇತ್ತು. ಮನೆಯಿಂದ ದೂರ ಬಂದ ಆ ಹುಡುಗಿಯರು ಬೇರೆಲ್ಲಿ ಉಂಡಾರು? ಕಳೆದ ತಿಂಗಳು ಅವರಲ್ಲಿ ಕೆಲವರು ವಾಂತಿಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಬಿಸಿಲು ಹೆಚ್ಚು ಎಂದರು ಎಲ್ಲರೂ. ಅವಳೂ ಹಾಗೆಯೇ ಅಂದಿದ್ದಳು. ಅಪ್ಪ ಸತ್ತ ಮೇಲೆ ಅವಳನ್ನು ಮನೆಯಲ್ಲಿಟ್ಟುಕೊಂಡು ಸಾಕಿದವನು ಭಾವ. ಬರೆದರೆ ತನ್ನ ಎಲೆಯ ಗತಿ ಇರಲಿ, ಅಕ್ಕ ಆ ಮನೆಯಲ್ಲಿ ಬಾಳುವುದು ಹೇಗೆ?

ಇಷ್ಟನ್ನೂ ಒಳಗೇ ಇಟ್ಟುಕೊಂಡು ಅವಳು ಬಾಯಿ ಜೋರು ಮಾಡಿದಳು.

"ಅವನು ವಿಚಾರಿಸದೆ ಬರೆದ ಮೂರ್ಖ, ಗುರುಗಳೇ. ನಾನು ಹಾಗಲ್ಲ. ಹೋದ ಊರಿನಲ್ಲಿ ಎರಡು ದಿನ ಇರುತ್ತೇನೆ, ಹತ್ತು ಜನರನ್ನು ಕೇಳುತ್ತೇನೆ. ಆಗ ಹೋಗಬಹುದಲ್ಲ?"

"ಧಾರಾಳವಾಗಿ ಹೋಗು. ಬೇಡವೆಂದು ನಾನೆಲ್ಲಿ ಹೇಳಿದೆ?"

"ಮತ್ತೆ ಈ ಕತೆ ಯಾಕೆ ಹೇಳಿದಿರಿ? ಊರಿನದನ್ನಂತೂ ನಾನು ಬರೆದು ಮುಗಿಸಿದ್ದೇನೆ. ಒಂದನ್ನೂ ಬಿಟ್ಟಿಲ್ಲ."

ಮಗು ಮತ್ತೆ ಸೆರಗು ಎಳೆಯಿತು. ಈ ಸಲ ಸರ್ವಮಂಗಳಾ ಗದರಲಿಲ್ಲ. ಗುರುಗಳು ಭಾವನ ಹೋಟೆಲಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಮುಚ್ಚಳದ ಮೇಲೆ ಕೈ ಇಟ್ಟು, ಅವಳ ಮುಖ ನೋಡಿ ಕೇಳಿದರು:

"ಮಗು ಆಗಿನಿಂದ ಹಸಿದಿದೆ ತಾಯಿ, ಇದನ್ನು ತೆಗೆದು ಕೊಡಲೇ?"