ಮೌನದ ದಿನದ ಸಮೀಕ್ಷೆ

ಮಲಪ್ರಭೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳನ್ನು ಊರೆಲ್ಲ ಅಜ್ಜಾರು ಎಂದೇ ಕರೆಯುತ್ತಿತ್ತು. ಆಶ್ರಮದವರು ಏನು ಕೇಳಿದರೂ ಜನರ ಉತ್ತರ ಒಂದೇ: "ಹೂಂರಿ." ಇಲ್ಲ ಎನ್ನುವ ಮಾತು ಅವರ ಮುಂದೆ ಯಾರ ಬಾಯಿಂದಲೂ ಹೊರಡುತ್ತಿರಲಿಲ್ಲ.

ಊರವರಿಗಾಗಿ ಆಶ್ರಮದ ಒಂದು ಕೋಣೆಯಲ್ಲಿ ಕಂಪ್ಯೂಟರುಗಳಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಕಲ್ಲಿನಾಥ. ಕನ್ನಡ ಬರೆಯಲೆಂದು ಅವನೇ ಒಂದು ತಂತ್ರಾಂಶ ಕಟ್ಟಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅವನಿಗೂ ಹಾಗೇ.

ಒಂದು ಸಂಜೆ ಕಾಗದದ ಕಟ್ಟು ಹಿಡಿದು ಓಡಿಬಂದ.

"ಅಜ್ಜಾರ, ಸಮೀಕ್ಷೆ ಮುಗೀತ್ರಿ. ಯಾರು ಯಾವ ತಂತ್ರಾಂಶ ಬಳಸ್ತಾರ, ಅದು ಹೆಂಗ ಸಿಕ್ತು, ಎಲ್ಲಾ ಕೇಳೇನ್ರಿ. ನಂದ ಚಲೋ ಅಂತ ಬರದಾರ. ನೀವು ಅಪ್ಪಣೆ ಕೊಟ್ಟರ ಹಳೇವನ್ನೆಲ್ಲಾ ತಗದು ಇದೊಂದನ್ನ ಇಡ್ತೀನ್ರಿ."

"ಏನಂತ ಕೇಳಿದಿಪಾ?"

ಕಲ್ಲಿನಾಥ ಓದಿದ. "ಆಶ್ರಮದ ತಂತ್ರಾಂಶದಿಂದ ನಿಮಗೆ ಎಷ್ಟು ಉಪಯೋಗವಾಗಿದೆ? ಬಹಳ, ಸಾಕಷ್ಟು, ಸ್ವಲ್ಪ."

ಅಜ್ಜಾರು ನಕ್ಕರು.

"ನಾಳೆ ಸೋಮವಾರ. ಆಶ್ರಮದವರಿಗೆಲ್ಲಾ ಮೌನ. ಆ ಕೋಣ್ಯಾಗ ಹಿಂದ ಕೈ ಕಟ್ಟಿಕೊಂಡು ಕುಂದ್ರು. ಮಂಗಳವಾರ ಬಾ, ಅಪ್ಪಣೆ ಕೊಡ್ತೀನಿ."

ಮರುದಿನ ಕಲ್ಲಿನಾಥ ಮೂಲೆ ಹಿಡಿದು ಕೂತ. ದಾಕ್ಷಾಯಣಿ ಬಂದಳು. ತೀರಿಕೊಂಡ ತಾಯಿ ಬೀಸುವಾಗ ಹಾಡುತ್ತಿದ್ದ ಪದಗಳು ಮರೆತು ಹೋಗುವ ಮೊದಲು ಬರೆದಿಡಬೇಕು ಎಂಬ ಆಸೆ ಅವಳದು. ಮೂಲೆಯಲ್ಲಿದ್ದವನನ್ನು ಅವಳು ನೋಡಲಿಲ್ಲ. ಹಳೆಯ ತಂತ್ರಾಂಶ ತೆರೆದು ಪಕ್ಕದವಳಿಗೆ ತೋರಿಸಿದಳು.

"ಇದನ್ನ ನಮ್ಮ ನಾದಿನಿ ಕಲಿಸ್ಯಾಳ. ಇಲ್ಲಿ ಒತ್ತು, ನೋಡು. ಬಂತಿಲ್ಲೋ?"

ಕಲ್ಲಿನಾಥನ ಕಾಗದದಲ್ಲಿ ‘ಹೇಗೆ ಸಿಕ್ಕಿತು’ ಎಂಬುದರ ಕೆಳಗೆ ಜಾಹೀರಾತು ಇತ್ತು, ಅಂತರ್ಜಾಲ ಇತ್ತು. ನಾದಿನಿ ಇರಲಿಲ್ಲ.

ಅಷ್ಟರಲ್ಲಿ ದಾಕ್ಷಾಯಣಿ ಹಿಂದೆ ತಿರುಗಿದಳು. ಅವನನ್ನು ಕಂಡಳು. ಗಡಬಡಿಸಿ ಹಳೆಯದನ್ನು ಮುಚ್ಚಿ ಅವನದನ್ನೇ ತೆರೆದಳು.

ಬಹಳ ಹೊತ್ತು ತಡಕಾಡಿ ಒಂದು ಪದ ಬರೆದಳು. ಕೊನೆಗೆ ಯಾವುದೋ ಗುಂಡಿ ಒತ್ತಿದಳು. ಬರೆದದ್ದೆಲ್ಲ ಮಾಯವಾಯಿತು.

ಕಲ್ಲಿನಾಥ ಎದ್ದೇಬಿಟ್ಟ. ಆದರೆ ಮೌನ. ನಾಲಿಗೆ ಕಚ್ಚಿಕೊಂಡು ಮತ್ತೆ ಕೂತ.

ದಾಕ್ಷಾಯಣಿ ಬರಿದಾದ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಅವನ ಕಡೆ ತಿರುಗಿ ಕೈ ಮುಗಿದಳು. ಕಣ್ಣು ತುಂಬಿದ್ದವು.

"ಭಾಳ ಚಲೋ ಐತ್ರಿ ನಿಮ್ಮದು," ಎಂದಳು.

ಅವನಿಗೆ ಅಳು ಉಕ್ಕಿ ಬಂತು. ತಾನು ಇಷ್ಟು ದಿನ ಯಾರಿಗಾಗಿ ದುಡಿದೆ ಎಂದು ಮೊದಲ ಸಲ ಅನುಮಾನವಾಯಿತು.

ಮಂಗಳವಾರ ಅಜ್ಜಾರ ಬಳಿ ಬರಿಗೈಯಲ್ಲಿ ಬಂದ.

"ಅಪ್ಪಣೆ ಬ್ಯಾಡ್ರಿ ಅಜ್ಜಾರ."

"ಯಾಕೋ?"

"ಹಳೇದರಾಗ ಆಕಿ ಆರಾಮ ಇದ್ಲು. ನನ್ನ ಕಂಡು ನಂದನ್ನ ತಗದ್ಲು. ಪದ ಹೋತು. ಆದ್ರೂ ಚಲೋ ಐತಿ ಅಂತ ನನಗ ಸುಳ್ಳ ಹೇಳಿದ್ಲುರಿ."

"ಸುಳ್ಳಲ್ಲಪಾ. ನಿನ್ನ ಕಾಗದದಾಗ ನೀ ಕೇಳಿದ್ದು, ‘ನನ್ನ ಮ್ಯಾಲ ಪ್ರೀತಿ ಐತೇನು’ ಅಂತ. ಐತಿ ಅಂದ್ಲು."

ಕಲ್ಲಿನಾಥ ತಲೆ ತಗ್ಗಿಸಿದ.

"ಈಗ ಆಕಿ ಎಲ್ಲದಾಳ?" ಅಜ್ಜಾರು ಕೇಳಿದರು.

"ಕೋಣ್ಯಾಗ ಅದಾಳ್ರಿ. ಮುಂಜಾನೆ ನಾನ ಕರಕೊಂಡು ಬಂದೆ. ಹೋದ ಪದ ಮತ್ತ ಬರ್ಯಾಕತ್ಯಾಳ. ಹಳೇದರಾಗ."

ಅಜ್ಜಾರು ಅವನ ಬೆನ್ನ ಮೇಲೆ ಕೈಯಾಡಿಸಿದರು. ಅವನಿಗೆ ಸ್ವಲ್ಪ ಧೈರ್ಯ ಬಂತು.

"ಪ್ರಶ್ನೆ ಎಲ್ಲಾ ಹೊಸದಾಗಿ ಬರೀಬೇಕ್ರಿ ಅಜ್ಜಾರ. ಎಲ್ಲಿಂದ ಸುರು ಮಾಡ್ಲಿ?"

ಅಜ್ಜಾರು ಹೊಳೆಯ ಕಡೆ ಹೊರಟವರು ನಿಂತು ಹೇಳಿದರು:

"ಯಾವ ಉತ್ತರ ಬಂದ್ರ ನಿನಗ ನಿದ್ದಿ ಹತ್ತೂದಿಲ್ಲೋ, ಅದಕ್ಕ ಕಾಗದದಾಗ ಮೊದಲ ಜಾಗಾ ಬಿಡು."